ಚೀಟಿಯಲ್ಲಿಲ್ಲದ ತೆಂಗಿನಕಾಯಿ

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಒಂದು ಹಾಳೆ ಅಂಟಿಕೊಂಡಿರುತ್ತದೆ. ಮಗಳ ಹಳೆಯ ನೋಟುಪುಸ್ತಕದಿಂದ ಹರಿದು, ತಿಂಗಳ ಮೊದಲ ವಾರದಲ್ಲಿ ನಾನು ಬರೆದು ಅಂಟಿಸುವ ಸಾಮಾನಿನ ಚೀಟಿ ಅದು. ಕುಚ್ಚಲಕ್ಕಿಯಿಂದ ಶುರುವಾಗಿ ಬೆಳ್ತಿಗೆ ಅಕ್ಕಿ, ತೊಗರಿಬೇಳೆ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಚಹಾಪುಡಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ ಕೊನೆಗೆ ಪಾತ್ರೆ ತಿಕ್ಕುವ ಸೋಪಿನಲ್ಲಿ ಅದು ಮುಗಿಯುತ್ತದೆ. ನೀವು ಎಂದಾದರೂ ನಮ್ಮ ಮನೆಗೆ ಬಂದು, ನೀರು ಕುಡಿಯಲು ಲೋಟ ಹುಡುಕುತ್ತ ಆ ಕಪಾಟು ತೆರೆದರೆ ನಮ್ಮ ಸಂಸಾರದ ಜಾತಕವನ್ನೇ ಓದಿಕೊಳ್ಳಬಹುದು. ಮೈದಾ ಇಲ್ಲ ಎಂದರೆ ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ, ತಿಂಡಿಯ ಹಟ ನಿಂತಿದೆ ಎಂದರ್ಥ. ಮೆಂತೆ ಹೆಚ್ಚಾಗಿದ್ದರೆ ನನ್ನ ಗಂಡ ಯಾವುದೋ ಡಾಕ್ಟರ ಮಾತಿಗೆ ಹೆದರಿದ್ದಾರೆ ಎಂದರ್ಥ. ಏಲಕ್ಕಿ ಇದ್ದರೆ ನನ್ನ ಕೈಯಲ್ಲಿ ಹೋದ ತಿಂಗಳು ನಾಲ್ಕು ಕಾಸು ಉಳಿದಿತ್ತು ಎಂದು ತಿಳಿದು ಸಂತೋಷಪಡಿ.

ಆದರೆ ಐದು ವರ್ಷ ಆ ಚೀಟಿಯಲ್ಲಿ ಒಂದು ಸಾಲು ಇರಲೇ ಇಲ್ಲ, ಮತ್ತು ಅದು ಇಲ್ಲದಿರುವುದನ್ನು ನಾನು ನನ್ನ ಜಾಣತನವೆಂದು ತಿಳಿದಿದ್ದೆ. ಇವತ್ತು ನಿಮ್ಮೊಡನೆ ಹೇಳಿಕೊಳ್ಳಬೇಕೆಂದಿರುವುದು ಆ ಸಾಲಿನ ಕತೆ.

ನಾನು ಮದುವೆಯಾಗಿ ಬಂದದ್ದು ಕೋಡಿಂಬಾಳಕ್ಕೆ. ಕಡಬದ ಪೇಟೆಯಿಂದ ಹೆಚ್ಚು ದೂರವಿಲ್ಲದ ಸಣ್ಣ ಮನೆ, ಹಿಂದೆ ಐವತ್ತರವತ್ತು ರಬ್ಬರ್ ಮರ, ಬಾವಿಯ ಬಳಿ ಒಂಬತ್ತು ತೆಂಗು. ಅಲ್ಲಿ ತೆಂಗಿನಕಾಯಿಯನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ಬಾವಿಯ ನೀರನ್ನು ಯಾರು ಬರೆಯುತ್ತಾರೆ ಹೇಳಿ. ಬಚ್ಚಲ ಬದಿಯ ರಾಶಿಯಿಂದ ಒಂದನ್ನು ಎತ್ತಿ ಸುಲಿದು ಒಡೆದರೆ ಆಯಿತು, ಬೆಳಗಿನ ಚಟ್ನಿಗೆ ಅರ್ಧ, ಮಧ್ಯಾಹ್ನದ ಹುಳಿಗೆ ಅರ್ಧ. ಮುಂದೆ ಗಂಡ ದಿನೇಶರಿಗೆ ಪುತ್ತೂರಿನ ಪೈಂಟ್ ಅಂಗಡಿಯೊಂದರಲ್ಲಿ ಕೆಲಸ, ನನಗೆ ನರಿಮೊಗರಿನ ಕಡೆ ಒಂದು ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಸಣ್ಣ ಸಂಬಳದ ಕೆಲಸ ಎಂದಾದಾಗ ನರಿಮೊಗರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಪುಟ್ಟ ಮಗಳೊಡನೆ ಬೇರೆ ಮನೆ ಹೂಡಿದ ಹುಮ್ಮಸ್ಸಿನಲ್ಲಿ ನಾನು ಬರೆದ ಮೊದಲ ಚೀಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಸಾಸಿವೆಯನ್ನು ಕೂಡ ಗ್ರಾಮಿನ ಲೆಕ್ಕದಲ್ಲಿ ಬರೆದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಸರಿಯಾಗಿ ಹಾಸಿಗೆಯ ಉದ್ದಗಲ ಅಳೆದು, ಕಾಲಿನ ಅಳತೆಯನ್ನೂ ತೆಗೆದು ಕೂತಿದ್ದೆ.

ನಾಲ್ಕನೆಯ ದಿನ ಮೆಣಸು ಕೊತ್ತಂಬರಿ ಹುರಿದು ಮಿಕ್ಸಿಗೆ ಹಾಕಿ, ಅಭ್ಯಾಸದಂತೆ ಕೈ ಚಾಚಿದೆ. ಕೈಗೆ ಗೋಡೆ ಸಿಕ್ಕಿತು. ಆಗ ತಿಳಿಯಿತು, ಸಾಸಿವೆಯನ್ನು ತೂಗಿ ಬರೆದವಳು ತೆಂಗಿನಕಾಯಿಯನ್ನೇ ಬರೆದಿಲ್ಲ ಎಂದು. ದಿನೇಶರನ್ನು ಓಡಿಸಿದೆ. ಅಂಗಡಿಯವರು ಎಷ್ಟು ಕಿಲೋ ಬೇಕು ಎಂದು ಕೇಳಿದರಂತೆ, ಕಾಯಿಗೂ ತಕ್ಕಡಿಯೇ ಎಂದು ಇವರು ಬೆರಗಾಗಿ ನಿಂತರಂತೆ. ಮನೆಗೆ ಬಂದವರೇ ಅದನ್ನೊಂದು ತಮಾಷೆಯೆಂದು ಅಪ್ಪನಿಗೆ ಫೋನು ಮಾಡಿ ಹೇಳಿದರು. ಆಚೆ ಕಡೆಯಿಂದ ನಗು ಕೇಳಿಸಲಿಲ್ಲ.

ಮುಂದಿನ ಭಾನುವಾರ ಕಾಣಿಯೂರು ದಾರಿಯ ಬಸ್ಸಿನಿಂದ ಮಾವ ಇಳಿದರು. ಒಂದು ಕೈಯಲ್ಲಿ ಕೊಡೆ, ಹೆಗಲಿನಲ್ಲಿ ಗೋಣಿಚೀಲ. ಎಪ್ಪತ್ತು ದಾಟಿದ ಸಪೂರ ದೇಹ, ಮೇಲಿನ ಸಾಲಿನಲ್ಲಿ ಎರಡು ಹಲ್ಲು, ಕೆಳಗಿನ ಸಾಲಿನಲ್ಲಿ ಅವಕ್ಕೆ ಎದುರು ನಿಲ್ಲದ ಬೇರೆ ಮೂರು. ಚೀಲದ ಬಾಯಿ ಬಿಚ್ಚಿದರೆ ಮೇಲುಗಡೆ ಒಂದು ಹಿಡಿ ಕರಿಬೇವು, ಅದರ ಅಡಿಯಲ್ಲಿ ಅಂದು ಬೆಳಿಗ್ಗೆಯೇ ಸುಲಿದ ಹನ್ನೆರಡು ಕಾಯಿ. ಚಹಾ ಕುಡಿಯುತ್ತ, ಕಪಾಟಿನ ಚೀಟಿಯನ್ನು ದೂರದಿಂದಲೇ ನೋಡಿ ಮಾವ ಹೇಳಿದರು:

"ಕಾಯಿ ಬರೆಯುದು ಬೇಡ. ನಾನು ಇರುವವರೆಗೆ ಅದು ಮನೆಯಿಂದ ಬರ್ತದೆ."

ಆ ಮಾತಿನ ಹಿಂದೆ ಏನಿತ್ತೆಂದು ಆಮೇಲೆ ದಿನೇಶರು ಹೇಳಿದರು. ಇದ್ದ ಜಾಗವೇ ಅಷ್ಟು. ಮನೆಯನ್ನೂ ರಬ್ಬರನ್ನೂ ದೊಡ್ಡ ಮಗ ನೋಡಿಕೊಳ್ಳುತ್ತಿದ್ದರು, ಅದನ್ನು ಹರಿದು ಹಂಚಿದರೆ ಇಬ್ಬರಿಗೂ ದಕ್ಕುತ್ತಿರಲಿಲ್ಲ. ಸಣ್ಣ ಮಗ ತಾನಾಗಿಯೇ ಪಾಲು ಬೇಡವೆಂದು ಹೊರಟು ಬಂದಿದ್ದರು. ಬೇಡವೆಂದದ್ದು ಮಗನಿಗೆ ಹಗುರವಾಗಿತ್ತು, ಅಪ್ಪನಿಗೆ ಆಗಿರಲಿಲ್ಲ.

ಅಂದಿನಿಂದ ತಿಂಗಳಿಗೊಮ್ಮೆ ಚೀಲ ಬಂತು, ತಪ್ಪದೆ. ನಾನು ಮಾತ್ರ ಅದನ್ನು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಖರ್ಚಿನ ನೋಟುಪುಸ್ತಕದಲ್ಲಿ ತೆಂಗಿನಕಾಯಿಯ ಎದುರು ಒಂದು ದುಂಡನೆಯ ಸೊನ್ನೆ ಬರೆದೆ, ಮತ್ತು ಆ ಸೊನ್ನೆಯ ಮೇಲೆ ನನಗೆ ಎಲ್ಲಿಲ್ಲದ ಮೋಹ ಹುಟ್ಟಿತು. ಕಾಯಿಯ ಬೆಲೆ ಏರಿ, ತೆಂಗಿನೆಣ್ಣೆಯ ಬೆಲೆ ಅದನ್ನೂ ಹಿಂದೆ ಹಾಕಿ, ಊರಿಗೆ ಊರೇ ಒಗ್ಗರಣೆಗೆ ಬೇರೆ ಎಣ್ಣೆ ಹುಡುಕುತ್ತಿದ್ದ ಕಾಲದಲ್ಲಿ ನನ್ನ ಸೊನ್ನೆ ಅಲುಗಾಡಲಿಲ್ಲ. ಒಮ್ಮೆ ಗ್ರಂಥಾಲಯದಲ್ಲಿ ಹೆಂಗಸರ ಸಂಘದ ಸಭೆ ಸೇರಿದಾಗ ಮನೆ ಖರ್ಚಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ನಾನು ನಾಲ್ಕರಲ್ಲಿ ನಿಲ್ಲಿಸಲಿಲ್ಲ. ಅಕ್ಕಿಗಿಷ್ಟು, ಮೀನಿಗಿಷ್ಟು, ಹಾಲಿಗಿಷ್ಟು ಎಂದು ಬರೆಯುವುದನ್ನು ಕಲಿಸಿ, ಕೊನೆಗೆ ನಮ್ಮ ಮನೆಯಲ್ಲಿ ಕಾಯಿಗೆ ಒಂದು ಪೈಸೆ ಖರ್ಚಿಲ್ಲವೆಂದು ಹೇಳಿ ಕೂತೆ. ಹಿಂದಿನ ಬೆಂಚಿನಲ್ಲಿದ್ದ ವಯಸ್ಸಾದ ಬ್ಯಾರಿ ಹೆಂಗಸೊಬ್ಬರು, ಹಾಗಾದರೆ ಯಾರಿಗೆ ಖರ್ಚು ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಾದದ್ದು ವರ್ಷವೊಂದು ಕಳೆದ ಮೇಲೆ.

ಗೊತ್ತಾಗಲು ಅದಕ್ಕಿಂತ ಮೊದಲೇ ಅವಕಾಶ ಇತ್ತು, ನಾನೇ ಕಣ್ಣು ಮುಚ್ಚಿದ್ದೆ. ಕೋಡಿಂಬಾಳದ ನಮ್ಮ ಕಾಯಿ ಸಣ್ಣದು, ಚೆಂಡಿನಂತೆ ಉರುಟು, ತಿರುಳು ದಪ್ಪ. ಕಾಯಿ ತುರಿಯಲು ಹೆರೆಮಣೆಯ ಮೇಲೆ ಕೂತವಳ ಅಂಗೈಗೆ ಅದರ ಗುರುತು ಗಂಡನ ಮುಖದಷ್ಟೇ ಪರಿಚಿತ. ಚೀಲದಲ್ಲಿ ಬರುತ್ತಿದ್ದ ಕಾಯಿ ಯಾವಾಗಲೋ ಉದ್ದವಾಯಿತು, ದೊಡ್ಡದಾಯಿತು, ಒಂದಕ್ಕೊಂದು ಹೋಲದಾಯಿತು. ಒಮ್ಮೆ ಮಾವನಲ್ಲಿ ಕೇಳಿಯೂ ಕೇಳಿದೆ. ಬುಡಕ್ಕೆ ಒಳ್ಳೆಯ ಗೊಬ್ಬರ ಹಾಕಿದ್ದೇನೆ ಎಂದರು. ಗೊಬ್ಬರಕ್ಕೆ ಕಾಯಿಯ ಆಕಾರವನ್ನೇ ಬದಲಿಸುವ ಶಕ್ತಿ ಇಲ್ಲವೆಂದು ತೆಂಗಿನ ನಾಡಿನಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಪುಕ್ಕಟೆ ಸಿಕ್ಕಿದ್ದರ ಬಗ್ಗೆ ಮನುಷ್ಯರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ನಮ್ಮ ರೇಷನ್ ಕಾರ್ಡು ಇನ್ನೂ ಕೋಡಿಂಬಾಳದ ವಿಳಾಸದಲ್ಲಿಯೇ ಉಂಟು. ಹೆಬ್ಬೆಟ್ಟು ಒತ್ತಿ ಹೋಗದಿದ್ದರೆ ಹೆಸರು ತೆಗೆಯುತ್ತಾರಂತೆ ಎಂದು ಸುದ್ದಿಯಾದ ಒಂದು ಶನಿವಾರ, ಮಾವನೇ ಬರುತ್ತಿದ್ದುದರಿಂದ ಎರಡು ವರ್ಷ ಆ ಕಡೆ ಹೋಗದಿದ್ದ ನಾನು ಮೊದಲೇ ಹೇಳದೆ ಒಬ್ಬಳೇ ಹೋದೆ. ಹೆಬ್ಬೆಟ್ಟು ಒತ್ತಿ ಮನೆಯ ದಾರಿ ಹಿಡಿದರೆ, ಬಾವಿಯ ಬಳಿ ಮಿಡಿಗಾಯಿಗಳು, ಎಳೆಯ ಬೊಂಡಗಳು ಚೆಲ್ಲಾಡಿ ಬಿದ್ದಿದ್ದವು, ಪ್ರತಿಯೊಂದರಲ್ಲೂ ಕಚ್ಚಿ ತೆಗೆದ ತೂತು. ತಲೆ ಎತ್ತಿ ನೋಡಿದೆ. ಒಂಬತ್ತು ಮರಗಳಲ್ಲೂ ಗರಿ ಬಿಟ್ಟರೆ ಬೇರೇನೂ ಇರಲಿಲ್ಲ. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟರೆ ವ್ಯರ್ಥ ಎನ್ನುತ್ತಾರೆ. ತೆಂಗಿನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ, ಅದರ ಬೆಲೆ ನನಗಿಂತ ಮಂಗಗಳಿಗೆ ಚೆನ್ನಾಗಿ ಗೊತ್ತಿತ್ತು.

ಅಡುಗೆಮನೆಯಲ್ಲಿ ನನ್ನ ಓರಗಿತ್ತಿ ಪುಷ್ಪಕ್ಕ ಬೆಳ್ಳುಳ್ಳಿ ಜಜ್ಜುತ್ತಿದ್ದರು. ಒಲೆಯ ಮೇಲೆ ಬೋಳು ಹುಳಿ ಕುದಿಯುತ್ತಿತ್ತು. ಕಾಯಿ ಕಡೆದು ಹಾಕದ ಹುಳಿಗೆ ನಮ್ಮ ಕಡೆ ಹಾಗೆ ಹೆಸರು. ತೆಂಗಿನಕಾಯಿ ಇಲ್ಲದ ಅಡುಗೆ ಕೂದಲಿಲ್ಲದ ತಲೆಯ ಹಾಗೆ ಎಂದು ಯಾವ ಹಿರಿಯರು ಕಂಡುಕೊಂಡರೋ. ಕೂದಲಿಲ್ಲದವರ ಕ್ಷಮೆ ಇರಲಿ. ನಾನು ಹುಳಿಯನ್ನು ನೋಡಿದೆ, ಪುಷ್ಪಕ್ಕ ನನ್ನನ್ನು ನೋಡಿದರು. ಒಲೆಯ ಉರಿ ತಗ್ಗಿಸಿ, ಎಲ್ಲವನ್ನೂ ಹೇಳಿದರು. ಮಂಗಗಳ ಹಿಂಡು ಬಂದು ಎರಡು ವರ್ಷವಾಗುತ್ತ ಬಂತಂತೆ. ಒಂದು ಕಾಯಿಯೂ ಬಲಿಯುವವರೆಗೆ ಮರದಲ್ಲಿ ಉಳಿಯುವುದಿಲ್ಲವಂತೆ. ಮನೆಯ ಅಡುಗೆಗೆ ಬೇಕಾದಾಗ ಒಂದೆರಡು ಕಾಯಿ ಪೇಟೆಯಿಂದ ತರುತ್ತಾರೆ, ಉಳಿದ ದಿನ ಬೋಳು ಹುಳಿ. ಮಾವ ನಮ್ಮಲ್ಲಿಗೆ ಹೊರಡುವ ದಿನ ಬರೀ ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಹಿತ್ತಿಲ ಕರಿಬೇವು ಒಂದು ಹಿಡಿ ಕೊಯ್ದುಕೊಂಡು ಹೋಗುತ್ತಾರೆ. ಕಡಬದಲ್ಲಿ ಇಳಿದು ಅಂಗಡಿಯಿಂದ ಹನ್ನೆರಡು ಕಾಯಿ ಕೊಂಡು ಚೀಲಕ್ಕೆ ತುಂಬಿಸಿ, ಅದರ ಮೇಲೆ ಕರಿಬೇವು ಹರಡುತ್ತಾರೆ.

"ನಾನು ಹೇಳಿದೆ ಅಂತ ಗೊತ್ತಾಗುದು ಬೇಡ," ಎಂದರು ಪುಷ್ಪಕ್ಕ. "ನನ್ನತ್ರ ಆಣೆ ಹಾಕಿಸಿದ್ದಾರೆ. ಹಲ್ಲಿನ ಸೆಟ್ಟಿಗೆ ಅಂತ ಇಟ್ಟದ್ದರಲ್ಲಿ ತೆಗಿತಾರೆ ಮಾರಾಯ್ತಿ, ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಹಲ್ಲಿನ ಸೆಟ್ಟಿನ ಹಣ ಎಲ್ಲಿಂದ ಎಂದು ನಿಮಗೆ ಹೇಳಬೇಕು. ರಬ್ಬರ್ ಮರದ ಹಾಲನ್ನು ತೆಗೆದ ಮೇಲೆ, ಅದನ್ನು ಹಿಡಿಯಲು ಕಟ್ಟಿದ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ ತಳದಲ್ಲಿ, ಮರದ ಗಾಯದ ಅಂಚಿನಲ್ಲಿ ಸ್ವಲ್ಪ ಅಂಟಿ ಒಣಗಿ ಉಳಿಯುತ್ತದೆ. ಒಟ್ಟುಪಾಲು ಎನ್ನುತ್ತೇವೆ. ಹಾಲು ಮಗನದ್ದು, ಒಟ್ಟುಪಾಲು ಅಪ್ಪನದ್ದು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದ ಕ್ರಮ. ಮಾವ ಮರದಿಂದ ಮರಕ್ಕೆ ನಡೆದು, ಬೆರಳಲ್ಲಿ ಎಬ್ಬಿಸಿ, ಆ ಚಿಂದಿಯನ್ನು ಗೋಣಿಗೆ ಹಾಕಿ ಮಾರಿ, ಬಂದದ್ದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಮಳೆ ಕಳೆದ ಮೇಲೆ ಹಲ್ಲಿನ ಸೆಟ್ಟು ಕಟ್ಟಿಸುತ್ತೇನೆ ಎಂದು ಎರಡು ಮಳೆಗಾಲಗಳಿಂದ ಹೇಳುತ್ತಿದ್ದವರು, ಈಚೆಗೆ ಆ ಮಾತನ್ನೇ ಬಿಟ್ಟು, ಇರುವ ಹಲ್ಲಿಗೇ ಕೆಲಸ ಇಲ್ಲ ಎಂದು ನಗಲು ತೊಡಗಿದ್ದರು. ನಾವೂ ಅವರೊಂದಿಗೆ ನಕ್ಕಿದ್ದೆವು. ಆ ನಗುವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅವರೇ ತೋಟದಿಂದ ಬಂದರು, ಬೆರಳುಗಳಲ್ಲಿ ರಬ್ಬರಿನ ವಾಸನೆ. ನನ್ನನ್ನು ಕಂಡು ಅವರ ಮುಖ ಒಂದು ಕ್ಷಣ ಬಾವಿಯ ಕಡೆಗೆ ತಿರುಗಿ ಬಂತು. ಇಬ್ಬರೂ ಊಟಕ್ಕೆ ಕೂತೆವು. ತಟ್ಟೆಗೆ ಹುಳಿ ಬಿದ್ದದ್ದೇ ತಡ, ಮಾವ ಅನ್ನ ಕಲಸುತ್ತ, ನನ್ನನ್ನು ನೋಡದೆ ಹೇಳಿದರು:

"ಇವತ್ತು ಪುಷ್ಪನಿಗೆ ಕಾಯಿ ಹೆರೆಯಲಿಕ್ಕೆ ಪುರುಸೊತ್ತಾಗಲಿಲ್ಲ."

ಒಳ್ಳೆಯದಾಗಿದೆ ಮಾವ ಎಂದು ನಾನು ಎರಡು ಸಲ ಹುಳಿ ಹಾಕಿಸಿಕೊಂಡು ಉಂಡೆ. ನಿಜಕ್ಕೂ ಒಳ್ಳೆಯದಾಗಿತ್ತು.

ಬಸ್ಸಿನಲ್ಲಿ ಹಿಂದೆ ಬರುವಾಗ ನನ್ನ ಸೊನ್ನೆಯೇ ಕಣ್ಣ ಮುಂದೆ ಇತ್ತು. ಖರ್ಚಿನ ಪುಸ್ತಕ ಬರೆಯುವ ನಾವೆಲ್ಲ ಒಂದು ವಿಷಯ ಮರೆಯುತ್ತೇವೆ. ನಾವು ಬರೆಯುವುದು ನಮ್ಮ ಕೈಯಿಂದ ಹೋದದ್ದನ್ನು ಮಾತ್ರ. ಪಕ್ಕದ ಮನೆಯಿಂದ ಬಂದ ಬಸಳೆ, ತವರಿನಿಂದ ಬಂದ ಹಪ್ಪಳದ ಕಟ್ಟು, ಮೀನಿನವನು ತೂಗಿದ ಮೇಲೆ ಎಸೆದ ಎರಡು ಬೂತಾಯಿ, ಇವಕ್ಕೆಲ್ಲ ಬೇರೆ ಯಾರದೋ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಅಥವಾ ಪುಸ್ತಕವೇ ಇಡದ ಯಾರದೋ ಬೆನ್ನಿನಲ್ಲಿ ಒಂದು ನೋವು ಇರುತ್ತದೆ. ನನ್ನ ಸೊನ್ನೆ ಅಷ್ಟು ದುಂಡಗೆ ಇದ್ದದ್ದು ಒಬ್ಬ ಮುದುಕರು ಎರಡು ವರ್ಷ ಅಕ್ಕಿಯ ಗಂಜಿಯನ್ನು ನುಂಗಿಯೇ ಉಂಡದ್ದರಿಂದ. ಸಭೆಯಲ್ಲಿ ಆ ಹೆಂಗಸು ಕೇಳಿದ್ದರಲ್ಲ, ಯಾರಿಗೆ ಖರ್ಚು ಎಂದು.

ದಿನೇಶರಿಗೆ ಹೇಳಿದೆ. ಫೋನು ಮಾಡಿದ್ದು ನಾನಲ್ಲವಾ ಎಂದಷ್ಟೇ ಹೇಳಿ ಅಂಗಳಕ್ಕೆ ಹೋದರು. ಇನ್ನು ಮುಂದೆ ಕಾಯಿ ತರಬೇಡಿ ಎಂದು ಮಾವನಿಗೆ ಹೇಳುವುದು ಸುಲಭವಾಗಿತ್ತು. ಆದರೆ ಹಾಗೆ ಹೇಳಿದರೆ ಅವರ ಗುಟ್ಟು ಬಯಲಾಗುತ್ತಿತ್ತು. ಸಣ್ಣ ಮಗನಿಗೆಂದು ಅವರು ಕೊಡುತ್ತಿದ್ದ ಒಂದೇ ಪಾಲನ್ನು ಅವರ ಕೈಯಿಂದ ನಾವೇ ಕಿತ್ತುಕೊಂಡಂತಾಗುತ್ತಿತ್ತು. ಚೀಲ ನಿಂತರೆ ಅವರ ಬರವೂ ನಿಲ್ಲಬಹುದೆಂಬ ಭಯ ಬೇರೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಸ್ಥಿತಿ ನಮ್ಮದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಗೆ ಒಂದು ದಾರಿ ಕಂಡಿತು. ಮಾವ ಚೀಲ ಇಳಿಸಿ ಹೋದ ಮರುದಿನ ನಾನು ಅಂಗಡಿಯಲ್ಲಿ ಅಂದಿನ ರೇಟು ಕೇಳಿಕೊಂಡು, ಹನ್ನೆರಡು ಕಾಯಿಗೆ ಎಷ್ಟಾಗುತ್ತದೋ ಅಷ್ಟನ್ನು ನಮ್ಮದೇ ಒಂದು ಡಬ್ಬಿಗೆ ಹಾಕತೊಡಗಿದೆ. ಕೈ ಬಿಗಿಯಾದ ತಿಂಗಳೂ ಇತ್ತು. ಸಂಜೆಯ ಮಿಕ್ಸ್ಚರ್ ಹೋಯಿತು, ವಾರ ಬಿಟ್ಟು ವಾರಕ್ಕೆ ಭಾನುವಾರದ ಕೋಳಿ ಹೋಯಿತು, ನನ್ನ ಏಲಕ್ಕಿಯಂತೂ ಮೊದಲೇ ಹೋಯಿತು. ಪುಸ್ತಕದಲ್ಲಿ ಸೊನ್ನೆಯನ್ನು ಹೊಡೆದು ಹಾಕಿ ಅಲ್ಲಿ "ಹಲ್ಲು" ಎಂದು ಬರೆದೆ. ಮಗಳು ಅದನ್ನು ಓದಿ, ದಿನಸಿ ಅಂಗಡಿಯಲ್ಲಿ ಹಲ್ಲೂ ಸಿಗುತ್ತದಾ ಎಂದು ಕೇಳಿದಳು. ಮಾವ ಹಿಂದಿರುಗುವಾಗ ಅವರ ಚೀಲ ಬರಿದಾಗಿ ಹೋಗದಂತೆ ನೋಡಿಕೊಂಡೆ. ನಾಲ್ಕು ಕಾಯಿ ತುರಿದು ಕೆಂಪಗೆ ಹುರಿದು, ಮೆಣಸು ಹುಳಿ ಬೆಲ್ಲ ಸೇರಿಸಿ, ಹಲ್ಲಿಗೆ ಕೆಲಸವಿಲ್ಲದಷ್ಟು ನುಣ್ಣಗೆ ಪುಡಿ ಮಾಡಿದ ಚಟ್ನಿಪುಡಿಯನ್ನು ಭರಣಿ ತುಂಬ ಕಳುಹಿಸಿದೆ. ಕಡಬದ ಪೇಟೆಯಲ್ಲಿ ಕೊಂಡ ಕಾಯಿ ಹೀಗೆ ನರಿಮೊಗರಿಗೆ ಬಂದು, ತಿರುಗಿ ಕೋಡಿಂಬಾಳದ ಗಂಜಿಯ ಬಟ್ಟಲಿಗೆ ಹೋಗಿ ಸೇರುತ್ತಿತ್ತು.

ಸೆಟ್ಟಿನ ಹಣ ಕೂಡಲು ಹತ್ತು ತಿಂಗಳು ಹಿಡಿಯಿತು. ಈಗ ಗೆರಟೆಯನ್ನೂ ಕಿಲೋ ಲೆಕ್ಕದಲ್ಲಿ ಕೊಳ್ಳುವವರು ಬರುತ್ತಾರಲ್ಲ, ಅವರಿಗೆ ಒಂದು ಗೋಣಿ ಗೆರಟೆ ಮಾರಿ, ಬಂದ ಚಿಲ್ಲರೆಯನ್ನೂ ಆ ಡಬ್ಬಿಗೆ ಸೇರಿಸಿದೆ. ಹೇಳಬೇಕೆಂದಿದ್ದ ಸುಳ್ಳಿಗೆ ಒಂದು ಚಿಟಿಕೆ ಸತ್ಯ ಇರಲಿ ಎಂದು.

ಆ ಭಾನುವಾರ ಮಾವ ರಸ್ಕನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗುವುದನ್ನು ತಾಳ್ಮೆಯಿಂದ ಕಾಯುತ್ತ ಕೂತಿದ್ದರು. ದಿನೇಶರು ಬಾಗಿಲ ಬಳಿ ನಿಂತಿದ್ದರು. ನಾನು ಡಬ್ಬಿ ತಂದು ಮಾವನ ಮುಂದಿಟ್ಟೆ.

"ಎಂತ ಇದು?"

"ಗೆರಟೆ ಮಾರಿದ ಹಣ ಮಾವ. ನಿಮ್ಮ ಕಾಯಿದೇ ಗೆರಟೆ ಅಲ್ವಾ, ಹಣವೂ ನಿಮ್ಮದೇ. ಹಲ್ಲಿನ ಸೆಟ್ಟಿಗೆ ಆಗ್ತದೆ."

ಅವರು ಮುಚ್ಚಳ ತೆಗೆದು ನೋಡಿದರು, ಎಣಿಸಲಿಲ್ಲ. ರಸ್ಕು ಮೆತ್ತಗಾಗಿ ತುಂಡಾಗಿ ಲೋಟದೊಳಗೆ ಬಿತ್ತು, ಅದನ್ನೂ ಗಮನಿಸಲಿಲ್ಲ. ಜೀವಮಾನವೆಲ್ಲ ತೆಂಗಿನ ಬುಡದಲ್ಲಿ ಕಳೆದವರಿಗೆ ಒಂದು ಗೋಣಿ ಗೆರಟೆಗೆ ಎಷ್ಟು ಸಿಗುತ್ತದೆಂದು ಗೊತ್ತಿಲ್ಲವೇ. ಡಬ್ಬಿಯಿಂದ ಕಣ್ಣೆತ್ತದೆ ಕೇಳಿದರು:

"ಗೆರಟೆಗೆ ಇಷ್ಟು ರೇಟ್ ಉಂಟಾ ಈಗ?"

"ಈಗ ಎಲ್ಲದಕ್ಕೂ ರೇಟ್ ಉಂಟು ಮಾವ," ಎಂದೆ.

ಅವರು ನನ್ನನ್ನು ನೋಡಿದರು, ಮಗನನ್ನು ನೋಡಿದರು, ಮೂಲೆಯಲ್ಲಿದ್ದ ಗೋಣಿಚೀಲವನ್ನು ನೋಡಿದರು. ಗೊಬ್ಬರದ ಸುಳ್ಳು ಅವರದ್ದು, ಗೆರಟೆಯ ಸುಳ್ಳು ನಮ್ಮದು, ಎರಡೂ ಒಂದೇ ಮೇಜಿನ ಮೇಲೆ ಎದುರುಬದುರು ಕೂತಿದ್ದವು. ಯಾರೂ ಯಾರದನ್ನೂ ಬಿಡಿಸಿ ನೋಡಲಿಲ್ಲ. ಮಾವ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡರು. ಆಮೇಲೆ ಎದ್ದು ಹೋಗಿ, ಕಪಾಟಿನ ಬಾಗಿಲು ತೆರೆದು, ನನ್ನಲ್ಲಿ ಪೆನ್ನು ಕೇಳಿದರು. ಕನ್ನಡಕ ಹಾಕಿಕೊಂಡು, ಪಾತ್ರೆ ಸೋಪಿನ ಕೆಳಗೆ ಉಳಿದಿದ್ದ ಜಾಗದಲ್ಲಿ, ಮೂರನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟವರ ದಪ್ಪ ಅಕ್ಷರಗಳಲ್ಲಿ ಬರೆದರು: ತೆಂಗಿನಕಾಯಿ.

"ಮಂಗ ಬಿಡುದಿಲ್ಲ ಮಾರಾಯ್ತಿ," ಎಂದರು, ಬೆನ್ನು ತಿರುಗಿಸಿಕೊಂಡೇ. ದಿನೇಶರು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದರು.

ಈಗ ಮಾವನ ಬಾಯಲ್ಲಿ ಎರಡು ಸಾಲು ಬಿಳಿ ಹಲ್ಲುಗಳಿವೆ. ಮೊದಮೊದಲು ಮಾತಾಡಿದರೆ ಟಕ್ ಎನ್ನುತ್ತಿದ್ದವು, ಈಗ ಅಭ್ಯಾಸವಾಗಿದೆ. ರಸ್ಕನ್ನು ಚಹಾಕ್ಕೆ ಅದ್ದದೆ, ಸದ್ದು ಮಾಡಿಯೇ ತಿನ್ನುತ್ತಾರೆ. ಆ ಸದ್ದು ಕೇಳುತ್ತ ಅಡುಗೆಮನೆಯಲ್ಲಿ ನಿಲ್ಲುವುದು ನನಗೆ ಇಷ್ಟ. ಅವರ ಬರವು ನಿಲ್ಲುವುದೆಂದು ಹೆದರಿದ್ದೆನಲ್ಲ, ನಿಲ್ಲಲಿಲ್ಲ. ಚೀಲ ಮಾತ್ರ ಹಗುರವಾಗಿದೆ. ಕರಿಬೇವು, ಒಂದು ಕಟ್ಟು ಬಸಳೆ, ಸಿಕ್ಕಿದರೆ ಬಾಳೆಕಾಯಿ.

ಚೀಟಿಯನ್ನು ಈಗಲೂ ನಾನೇ ಬರೆಯುತ್ತೇನೆ, ಕೊನೆಯ ಸಾಲನ್ನು ಮಾತ್ರ ಖಾಲಿ ಬಿಡುತ್ತೇನೆ. ಅದನ್ನು ತುಂಬುವುದು ಮಾವ, ಬಂದ ಕೂಡಲೇ, ಕೊಡೆ ಮೂಲೆಗಿಟ್ಟು, ಕನ್ನಡಕ ಹಾಕಿಕೊಂಡು. ಹೋದ ತಿಂಗಳು ಹಾಗೆಯೇ ತೆಂಗಿನಕಾಯಿ ಹನ್ನೆರಡು ಎಂದು ಬರೆದರು. ಬರೆದವರು ಏನೋ ನೆನಪಾಗಿ ಚೀಲಕ್ಕೆ ಕೈ ಹಾಕಿ, ಬಸಳೆಯ ಅಡಿಯಿಂದ ಒಂದು ಕಾಯಿ ತೆಗೆದು ನನ್ನ ಕೈಗೆ ಕೊಟ್ಟರು. ಸಣ್ಣದು, ಉರುಟು, ನನ್ನ ಅಂಗೈಗೆ ಗುರುತಿದ್ದ ಕಾಯಿ. ಮಂಗಗಳ ಕಣ್ಣು ತಪ್ಪಿಸಿ ಅದು ಹೇಗೆ ಬಲಿಯಿತೋ ಗೊತ್ತಿಲ್ಲ. ಮಾವ ಮತ್ತೆ ಚೀಟಿಯ ಬಳಿ ಹೋಗಿ, ಹನ್ನೆರಡನ್ನು ಹೊಡೆದು ಹಾಕಿ ಹನ್ನೊಂದು ಎಂದು ತಿದ್ದಿದರು.